ತೂಕ

ಟಾಲ್ಕೀಟ್ನಾದ ತಗಡಿನ ಶೆಡ್ಡಿನಲ್ಲಿ
ಮೊದಲು ಚೀಲಗಳ ತೂಕ, ಆಮೇಲೆ ನಮ್ಮದು.
ಪೈಲಟ್ ವರ್ನಾ ಅಂಕಿಗಳನ್ನು ಊರಿಗೆಲ್ಲ ಕೇಳುವಂತೆ ಕೂಗಿದಳು.
ಜೇಬಿನ ಗುರೆಳ್ಳು ಪುಡಿಯನ್ನು ನಾನು ಲೆಕ್ಕಕ್ಕೆ ಕೊಡಲಿಲ್ಲ.

ಹಿಮನದಿಯ ಮೇಲೆ ನಮ್ಮನ್ನಿಳಿಸಿ
"ಗುರುವಾರ. ಮೋಡ ಒಪ್ಪಿದರೆ" ಎಂದು ಹಾರಿಹೋದಳು.
ವಿಮಾನದ ಸದ್ದು ಸೊಳ್ಳೆಯಷ್ಟಾಗಿ,
ಆಮೇಲೆ ಕಿವಿಯೊಳಗೆ ನನ್ನದೇ ರಕ್ತ.

ಗುರುವಾರ ಮೋಡ ಒಪ್ಪಲಿಲ್ಲ.
ಶುಕ್ರವಾರವೂ.
ಕತ್ತಲೇ ಆಗದ ರಾತ್ರಿ, ಡೇರೆಯಡಿ ಮಂಜುಗಡ್ಡೆ
ಹಳೇ ಮಂಚದ ಹಾಗೆ ನರಳಿತು.
ಯಾರು ಮಲಗಿದ್ದಾರೆ ಅದರ ಮೇಲೆ, ನಾವಲ್ಲದೆ?
ಓಟ್ಸಿನ ಗಂಜಿಗೆ ಪುಡಿ ಉದುರಿಸಿಕೊಂಡು
ಸೀಮಸ್ ಅತ್ತ. ಖಾರಕ್ಕೆ, ಅಂದ.

ಆರನೇ ದಿನ ಒಂದು ನೀಲಿ ಬಿರುಕು.
ಹೊಸ ಹಿಮದಲ್ಲಿ ವಿಮಾನಕ್ಕೆ ದಾರಿ ಬೇಕು:
ಸಾಲಾಗಿ ನಿಂತು ತುಳಿದೆವು, ಕುಂಬಾರ ಮಣ್ಣು ತುಳಿದಂತೆ,
ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ.
ಯಾವ ಶಿಖರವನ್ನೂ ಹತ್ತಲಿಲ್ಲ ನಾವು.
ನಡೆದದ್ದೆಲ್ಲ ಈ ಮುನ್ನೂರು ಗಜ, ಎಷ್ಟು ಸಲವೋ.

ಶೆಡ್ಡಿನಲ್ಲಿ, ಸುಮ್ಮನೆ, ಮತ್ತೆ ತಕ್ಕಡಿ ಹತ್ತಿದೆ.
ಒಂಬತ್ತು ಪೌಂಡ್ ಕಡಿಮೆ.
"ಎಲ್ಲಿ ಬಿಟ್ಟೆ?" ಅಂದಳು ವರ್ನಾ, ಪೆನ್ನು ಹುಡುಕುತ್ತ.
ಜೇಬು ತಡಕಿದೆ. ಖಾಲಿ ಪೊಟ್ಟಣ,
ಅದರ ಮಡಿಕೆಯಲ್ಲಿ ಇನ್ನೂ ಕಪ್ಪಗೆ ಒಂದಿಷ್ಟು.