ನಿಂತಿದ್ದರ ಲೆಕ್ಕ

ಮೂರು ತಿಂಗಳ ಮಟ್ಟಿಗೆ ಕೊಟ್ಟಾರ ಈ ಪಟ್ಟಿ,
ಬ್ರಹ್ಮಪುರದ ನಮ್ಮ ರೊಟ್ಟಿ ಕೇಂದ್ರದ ಹದಿನಾಲ್ಕು ಮಂದಿಗೆ.
ಎಡಗೈಗೆ ಕಟ್ಟಬೇಕು, ಬಿಚ್ಚಬಾರದು,
ಹಿಟ್ಟು ಮೆತ್ತಿದರ ಹಸಿ ಅರಿವಿಲೆ ಒರಸಬೇಕು,
ಅಂತ ಹೇಳಿ ಹೋದಾಳ ಮೆಡಿಕಲ್ ಕಾಲೇಜಿನ ಹುಡುಗಿ,
ಡಾಕ್ಟರ್ ತಹಸೀನಾ.
ಎರಡು ಬಳಿ ತಗದು ಜಾಗ ಮಾಡಿಕೊಟ್ಟೆ.

ನಸುಕಿನ ನಾಲ್ಕಕ್ಕ ಒಲಿ ಮುಂದ ಕೂತರ
ಏಳೂದು ಎಂಟಕ್ಕ.
ಬಲಗೈ ಬಡೀತದ, ಎಡಗೈ ತಿರುವತದ,
ಕೊಣಮಗಿಯೊಳಗ ರೊಟ್ಟಿ ಅಗಲ ಆಗ್ತಾ ಹೋಗ್ತದ.
ಎದ್ದು ಪಟ್ಟಿ ನೋಡಿದರ
ಒಂಬತ್ತು ಸಾವಿರದ ಆರುನೂರು ಹೆಜ್ಜಿ!
ಕೂತಲ್ಲೇ ಎಲ್ಲಿಗೆ ಹೋಗಿ ಬಂದೆ ನಾ?
ಶರಣಬಸಪ್ಪನ ಗುಡಿ ದಾಟಿ, ರಿಂಗ್ ರೋಡ್ ದಾಟಿ,
ಹುಮನಾಬಾದ್ ಹಾದಿ ಹಿಡಿದಿರಬೇಕು,
ಚಪ್ಪಲಿ ಹೊರಗ ಬಿಟ್ಟಲ್ಲೇ ಇದ್ದವು.
ಪಟ್ಟಿ ಖುಷಿಲೆ ನಡುಗಿ ಬಂಗಾರದ ಕಪ್ಪೊಂದು ತೋರಿಸ್ತು.
ರೊಟ್ಟಿ ಆಗಿದ್ದವು ನೂರಾ ಎಪ್ಪತ್ತೆರಡು,
ಅದನ್ನ ಮಾತ್ರ ನಾನೇ ಎಣಿಸೀನಿ,
ಒಂದಕ್ಕ ಎರಡೂವರಿ ರೂಪಾಯಿ.

ಸಂಜಿಮುಂದ ಪಬ್ಲಿಕ್ ಗಾರ್ಡನ್ನಿನ್ಯಾಗ ಯೋಗ,
ಸೊಂಟನೋವಿಗೆ ಅಂತ ಸೇರೀನಿ.
ಕಲಿಸಾಂವ ರೇವಪ್ಪ ಮಾಸ್ತರ, ರಿಟೈರ್ ಆದ ಬಸ್ ಕಂಡಕ್ಟರ್,
ಈಗಲೂ ಸೀಟಿ ಊದೇ ಆಸನ ಬದಲಸ್ತಾನ.
ಒಂಟಿಗಾಲ ಮ್ಯಾಲ ನಿಂತೆ.
ಎದುರಿಗೆ ಬೇವಿನ ಟೊಂಗಿ, ಅದಕ್ಕ ಸಿಕ್ಕ ಹರಕು ಗಾಳಿಪಟ,
ಅಲ್ಲಿ ಕಣ್ಣು ನೆಟ್ಟೆ.
ಹಿಮ್ಮಡ ನಡುಗಿತು, ಮೀನಖಂಡ ಹಗ್ಗದಂಗ ಹುರಿಗೊಂಡಿತು,
ಬೆನ್ನಾಗ ಒಂದು ಹನಿ ಬೆವರು ಹಾದಿ ಹುಡುಕ್ಕೋತ ಇಳೀತು.
ನಲವತ್ತು ವರ್ಷ ಒಲಿಗೆ ಬಾಗೇ ಇದ್ದ ಮೈ
ನೆಟ್ಟಗ ನಿಂದ್ರಲಿಕ್ಕೆ ಕಲೀಲಿಕತ್ತಿತ್ತು.
ಆಗ ಮಣಿಕಟ್ಟಿನ್ಯಾಗ ಗುರ್ ಅಂತು:
"ಬಹಳ ಹೊತ್ತಿನಿಂದ ಸುಮ್ಮನಿದ್ದೀರಿ.
ಏಳಿ, ಸ್ವಲ್ಪ ಓಡಾಡಿ."

ಬಿದ್ದೆ.
ಮಾಸ್ತರ ಸೀಟಿ ಊದಿದ.

ಶವಾಸನಕ್ಕ ಅದು ಬರಕೊಂಡಿದ್ದು: ನಿದ್ದೆ, ಹನ್ನೊಂದು ನಿಮಿಷ.
ಸುಳ್ಳು. ಎಚ್ಚರಿದ್ದೆ ನಾ.
ಇರುವಿ ಮೊಣಕೈ ಹತ್ತಿ ಇಳಿದದ್ದು ಗೊತ್ತು,
ಸೋಲಾಪುರದ ಗಾಡಿ ಸ್ಟೇಷನ್ ಬಿಟ್ಟದ್ದು ಗೊತ್ತು,
ಬಾಜೂ ಚಾಪಿ ಮ್ಯಾಲ ಕಾಶಿಬಾಯಿ
ಸಪ್ಪಳಿಲ್ಲದಂಗ ಅತ್ತದ್ದು ಗೊತ್ತು.
ಆಕಿ ಪಟ್ಟಿನೂ ನಿದ್ದೆ ಅಂತೇ ಬರಕೊಂಡಿರಬೇಕು.

ಒಂದು ರಾತ್ರಿ ಕೌದಿಯೊಳಗ ಬಿಚ್ಚಿ ನೋಡೀನಿ, ಯಾರಿಗೂ ಹೇಳಬ್ಯಾಡ್ರಿ.
ಹೊಟ್ಟಿ ಕೆಳಗ ಸಣ್ಣ ಹಸಿರು ದೀಪ,
ಚರ್ಮದೊಳಗ ಇಣುಕಿ ನೆತ್ತರ ಎಣಸೂ ದೀಪ.
ಮದುವಿಯಾದ ಹೊಸದಾಗಿ ಊಟ ಬಿಟ್ಟಿದ್ದೆ.
ಮಾವ ದರ್ಗಾ ರಸ್ತೆಯ ಹಕೀಮರ ಕಡೆ ಕರಕೊಂಡು ಹೋಗಿದ್ದ.
ಇದೇ ಮಣಿಕಟ್ಟಿನ ಮ್ಯಾಲ ಮೂರು ಬೆರಳಿಟ್ಟು
ಕಣ್ಣು ಮುಚ್ಚಿ, ಚಹಾ ಆರಿ ಹೋಗೂ ತನಕ ಕೂತು ಕೇಳಿದರು:
"ಬೇಟಿ, ಮನಿಯಾಗ ಯಾರ ಜೋಡಿ ಮಾತು ಬಿಟ್ಟೀದಿ?"
ಹಸಿರು ದೀಪ ಎಪ್ಪತ್ತೆಂಟು ಅಂತದ.
ಮುಂದೇನೂ ಕೇಳಂಗಿಲ್ಲ.

ಶನಿವಾರ ತಹಸೀನಾ ಬಂದಳು, ಹಾಳಿ ಹರವಿ ನಕ್ಕಳು:
"ಜಗದೇವಿ ಅಕ್ಕ, ನಸುಕಿನ್ಯಾಗ ಏಳು ಕಿಲೋಮೀಟರ್ ನಡೀತೀರಿ,
ಯೋಗದ ಹೊತ್ತಿಗೆ ಸೊನ್ನಿ. ಕ್ಲಾಸ್ ತಪ್ಪಸ್ತೀರೇನು?"
ಹಿಟ್ಟು ನಾದಿ, ಬಡದು ತೋರಿಸಿದೆ.
ಆಕಿ ಕಣ್ಣ ಮುಂದನೇ ಪಟ್ಟಿ ಹೆಜ್ಜಿ ಇಡಲಿಕತ್ತಿತು.
ಆಮ್ಯಾಲ ಹಿಟ್ಟಿನ ಕೈಲೇ ಒಂಟಿಗಾಲಲೆ ನಿಂತೆ,
ಒಂದು ನಿಮಿಷ, ಎರಡು,
ಹಿಂದ ಹುಡುಗ್ಯಾರು ಮುಸಿಮುಸಿ ನಗತಿದ್ದರು,
ಪಟ್ಟಿ ಸತ್ತಂಗ ಬಿದ್ದಿತ್ತು.
"ಇದಕ್ಕ ಅಲಗೂದು ತಿಳೀತದ ಅಕ್ಕ," ಅಂದಳು ಮೆಲ್ಲಗ,
"ನಿಂದ್ರೂದು ತಿಳಿಯಂಗಿಲ್ಲ."

ಪೆನ್ನು ತಗದು ಒಂದು ಸಾಲಿಗೆ ಗೆರಿ ಎಳೆದಳು,
ಬಾಜೂಕ ಬರದಳು: ತಪ್ಪು ಎಣಿಕಿ.
ಯಾವ ಸಾಲು ಹೊಡದಳು,
ಕೇಳಬೇಕಿತ್ತು ನಾ.
ಹಂಚು ಕಾದಿತ್ತು.