ಎರಡನೆಯ ಸಹಿ

ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ ತಟ್ಟುವುದು.
ರೆಜ್ಜೊ ಹೊರವಲಯದ ಉಗ್ರಾಣದಲ್ಲಿ
ಸೂರಿನವರೆಗೆ ಹಲಗೆ, ಹಲಗೆ ತುಂಬ ಚೀಸಿನ ಗಾಲಿ,
ಒಂದೊಂದೂ ಹತ್ತು ತುಂಬಿದ ಹುಡುಗನ ತೂಕ.
ಪುಟ್ಟ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತೇನೆ:
ಗಟ್ಟಿಯಿದ್ದರೆ ಮುಂದಕ್ಕೆ,
ಎಲ್ಲೋ ಒಂದು ಕಡೆ ದನಿ ಮಂಕಾದರೆ
ಮತ್ತೆ ಅಲ್ಲೇ, ಸುತ್ತಲೂ, ಮತ್ತೆ ಅಲ್ಲೇ.

ಜೇಬಿನಲ್ಲಿ ಸೂಜಿಯೂ ಇದೆ. ತೆಗೆಯುವುದು ಅಪರೂಪ.
ಚುಚ್ಚಿ, ತಿರುಗಿಸಿ, ಹೊರಗೆಳೆದರೆ
ತುದಿಗೆ ಅಂಟಿ ಬರುತ್ತದೆ ಎಳ್ಳಿನಷ್ಟು ಒಳಗು.
ಮೂಸುತ್ತೇನೆ. ಗೊತ್ತಾಗುತ್ತದೆ.
ಆದರೆ ಚುಚ್ಚಿದ ಗಾಲಿ ಚುಚ್ಚಿದ ಗಾಲಿಯೇ.
ತೂತು ಕೂಡಿಕೊಂಡ ಮೇಲೂ
ಕತ್ತಲಲ್ಲಿ ಬೆರಳಾಡಿಸಿ ಹೇಳಬಲ್ಲೆ, ಎಲ್ಲಿ ಎಂದು.

ಮೋದೆನಾದ ಡಾಕ್ಟರಮ್ಮ ಎರ್ಮೆಸ್‌ನ ಬೆನ್ನು ತೋರಿಸಿದಳು:
ಇಲ್ಲಿ, ಪಕ್ಕೆಲುಬಿನ ಕೆಳಗೆ.
ಮಂಪರು ಕೊಡುತ್ತೇವೆ. ಶಾವಿಗೆಯಷ್ಟು ತೆಳುವಾದ
ಎರಡು ಎಳೆ ತೆಗೆಯುತ್ತೇವೆ.
ಆಮೇಲೆ ಒಂದು ಹಗಲು, ಒಂದು ರಾತ್ರಿ ಅಂಗಾತ ಮಲಗಬೇಕು.
ಮೂತ್ರ ಕೆಂಪಾಗಬಹುದು. ಹೆಚ್ಚಿನವರಿಗೆ ತಾನಾಗಿ ನಿಲ್ಲುತ್ತದೆ.
'ಹೆಚ್ಚಿನವರಿಗೆ' ಎಂಬಲ್ಲಿ ಅವಳ ದನಿ
ಒಂದಿಷ್ಟು ಮಂಕಾಯಿತು. ಹಾಳು ಕಿವಿ, ಬಿಡಲಿಲ್ಲ.

ತೆಗೆಯದಿದ್ದರೆ? ಅಂದೆ.
ಔಷಧಿ ಬದಲಿಸಿ ಕಾಯುತ್ತೇವೆ,
ಯಾವುದಕ್ಕೆ ಔಷಧಿ ಎಂದು ತಿಳಿಯದೆಯೇ.

ನೀವೆಸ್ ಅಲ್ಲೇ ಸಹಿ ಹಾಕಿದಳು, ನಿಂತುಕೊಂಡೇ.
ಕಾಗದದಲ್ಲಿ ಎರಡು ಸಾಲು: ತಾಯಿ, ತಂದೆ.
ಈಗ ಅದು ಅಡುಗೆಮನೆಯ ಮೇಜಿನ ಮೇಲೆ
ಉಪ್ಪಿನ ಡಬ್ಬಿಯ ಕೆಳಗೆ. ಅವನಿಗೆ ಉಪ್ಪು ಬಿಡಿಸಿದಂದಿನಿಂದ
ಆ ಡಬ್ಬಿಗೆ ಇದೊಂದೇ ಕೆಲಸ.
ಐದು ದಿನದಿಂದ ಅದರ ಸುತ್ತಲೇ ತಟ್ಟೆ ಇಟ್ಟುಕೊಂಡು ಉಣ್ಣುತ್ತೇವೆ.

ಬೆಳಗ್ಗೆ ರೆಪ್ಪೆ ಊದಿರುತ್ತದೆ.
ಪಟ್ಟಿ ಅದ್ದಿ ತಾನೇ ಬಣ್ಣ ಓದುತ್ತಾನೆ:
ಹಳದಿ ಅಲ್ಲ ಅಪ್ಪ, ಹಸಿರು. ನಿನ್ನೆಗಿಂತ ಕಡುಹಸಿರು.
ಕಮೋಡಿನಲ್ಲಿ ನೊರೆ,
ಹಾಲಿನ ಹಂಡೆಯ ನೊರೆಯಂತೆ, ಒಡೆಯದೆ.

ನಿನ್ನೆ ರಾತ್ರಿ, ನಿದ್ದೆಯಲ್ಲಿದ್ದವನ
ಬೆನ್ನಿಗೆ ಕಿವಿಯಿಟ್ಟೆ. ಎರಡು ಬೆರಳಿಂದ ತಟ್ಟಿದೆ.
ಉಸಿರು. ಹೊಟ್ಟೆಯ ಗುಳುಗುಳು. ದೂರದಲ್ಲಿ ಎದೆ.
ಮೂತ್ರಪಿಂಡಕ್ಕೆ ಸದ್ದಿಲ್ಲ.
ಬಾಗಿಲಲ್ಲಿ ನೀವೆಸ್:
"ಏನು ಕೇಳಿಸಿತು, ಮೇಸ್ತ್ರಿ?"
ಅಣಕವಲ್ಲ ಅದು. ಏನಾದರೂ ಕೇಳಿಸಿರಲಿ ಎಂದು
ಅವಳಿಗೂ ಇತ್ತು.

ಇವತ್ತು ಶಾಲೆಯಿಂದ ಬಂದವನೇ
ಸುತ್ತಿಗೆ ಎತ್ತಿಕೊಂಡು ನನ್ನ ಬೆನ್ನು ತಟ್ಟಿದ,
ಮೇಲೆ, ಕೆಳಗೆ, ಪಕ್ಕೆಲುಬಿನ ಕೆಳಗೆ,
ನನ್ನ ಹಾಗೆಯೇ ತಲೆ ವಾಲಿಸಿ, ಕಣ್ಣು ಮುಚ್ಚಿ.
"ಗೊತ್ತಾಗ್ತಿಲ್ಲ," ಅಂದ.
"ಗೊತ್ತಾಗದಿದ್ದಾಗ ನೀನೇನು ಮಾಡ್ತೀಯ?"

ಜೇಬಿನಿಂದ ಸೂಜಿ ತೆಗೆದು ಅವನ ಅಂಗೈಯಲ್ಲಿಟ್ಟೆ.
ತುದಿ ಮೂಸಿದ.
"ಏನೂ ವಾಸನೆಯಿಲ್ಲ."
ತೊಳೆದಿಟ್ಟಿದ್ದೇನೆ, ಅಂದೆ.

ನಾಳೆ ಗುರುವಾರ.
ಪೆನ್ನು ಹುಡುಕಲು ಹೋದವನು ಅವನೇ.