ಮೊಳಿ ಹೊಡೀಬ್ಯಾಡ್ರಿ

ದೇವದುರ್ಗದ ದವಾಖಾನಿಗೆ ವರ್ಗವಾದ ವಾರ
ಆಶಾಪುರ ರಸ್ತೆಯ ನನ್ನ ಎರಡು ಖೋಲಿಯ ಗೇಟಿಗೆ
ಸೀಮೆಸುಣ್ಣದಲ್ಲಿ ಬರೆದೆ: ಮನಿ ಬಾಡಿಗಿಗದ.
ಸಾಲದ ಕಂತು ಇನ್ನೂ ನೂರಾ ನಾಲ್ಕು.
ಪರಸಿಯ ಒಂದೊಂದು ಕಲ್ಲೂ ನಾನೇ ಬಿಸಿಲಲ್ಲಿ ನಿಂತು ಆರಿಸಿದ್ದು,
ಆದರೂ ಒಂದು ಒಡಕು ಸೇರಿಸಿಬಿಟ್ಟಿದ್ದ ಶಾಬಾದಿ ಕಲ್ಲಿನವ.
ಮಂಚ ಎತ್ತಿದ ದಿನ
ಆ ಬಿರುಕು ಬಯಲಿಗೆ ಬಿತ್ತು.

ಮೊದಲು ಬಂದವ ಫ್ರಿಜ್ಜು ರಿಪೇರಿಯ ಹುಡುಗ,
ಜೊತೆಗೆ ಹೆಂಡತಿ.
ಗೇಟಿನಾಚೆಯೇ ಚಪ್ಪಲಿ ಬಿಟ್ಟು
ಏಪ್ರಿಲ್ಲಿನ ಕಾದ ಮೆಟ್ಟಿಲ ಮೇಲೆ
ಕಾಲು ಬದಲಿಸುತ್ತ ನಿಂತಳು.
ಒಳಗ ಬರ್ರಿ ಅಂದೆ. ಬರಲಿಲ್ಲ.
ನಾನು ಕೇಳುವುದಕ್ಕೆ ಕಾಯುತ್ತಿದ್ದಳು.

ನನಗೆ ಗೊತ್ತು ಆ ಕಾಯುವಿಕೆ.
ನೌಕರಿಯ ಮೊದಲ ವರ್ಷ, ಮಾನ್ವಿಯಲ್ಲಿ, ಒಂಬತ್ತು ಬಾಗಿಲು:
ನಗುತ್ತಲೇ ಖೋಲಿ ತೋರಿಸಿದರು, ಊರು ಕೇಳಿದರು,
ಅಡ್ಡಹೆಸರು ಕೇಳಿದರು, ಆಮೇಲೆ ಮೆಲ್ಲಗೆ,
ಸೂಜಿಗೆ ಮೊದಲು ಹತ್ತಿ ಒರೆಸುವಷ್ಟು ಮೆಲ್ಲಗೆ,
"ಯಾವ ಮಂದಿ ನೀವು?"
ಒಂಬತ್ತನೆಯವರಿಗೆ ಆ ಹೊತ್ತಿಗೇ
ತಮ್ಮನ ಮಗ ಬರುವುದು ನೆನಪಾಯಿತು.

ನನ್ನ ಬಾಯಿಗೂ ಬಂತು ಅದೇ ಮಾತು.
ಸುಳ್ಳು ಹೇಳುವುದಿಲ್ಲ. ಬಂತು.
ಎದುರುಮನೆಯ ಸಿದ್ಲಿಂಗಮ್ಮ ಕಟ್ಟೆಯ ಮೇಲೆ
ಒಂದೇ ಹಿಡಿ ಅಕ್ಕಿಯನ್ನು ಎರಡು ಸಲ ಆರಿಸಿದಳು.
ನಾಲಗೆ ಹೊರಳಿಸಿ ಹೇಳಿದೆ:
"ನಳ ನಾಕು ದಿನಕ್ಕೊಮ್ಮಿ. ತುಂಬಿಟ್ಕೋಬೇಕು.
ಮತ್ತ ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ."
ಹುಡುಗ ಹೆಂಡತಿಯ ಕಡೆ ನೋಡಿದ.
"ಮತ್ತೇನೂ ಕೇಳಂಗಿಲ್ಲೇನ್ರಿ, ಸಿಸ್ಟರ?"
"ಎರಡು ತಿಂಗಳ ಅಡ್ವಾನ್ಸು," ಅಂದೆ
ಗಂಟಲು ಸರಿಮಾಡಿಕೊಂಡು.

ಜೂನಿನ ಐದಕ್ಕೆ ಬಾಡಿಗೆಗೆ ಹೋದೆ.
ಚಿಲಕಕ್ಕೆ ಹೋದ ಕೈ ಹಿಂದೆ ತಗೊಂಡು
ನನ್ನ ಬಾಗಿಲು ನಾನೇ ಬಡಿದೆ.
ಒಳಗೆ ಬೇರೆಯದೇ ಒಗ್ಗರಣೆ.
ಒಡಕು ಪರಸಿಯ ಮೇಲೆ ಹೊಲಿಗೆ ಮಷಿನ್ನು.
ಗೋಡೆಯಲ್ಲಿ ಮೊಳೆ, ಮೊಳೆಗೆ ಕನ್ನಡಿ.
"ಒಂದ ರೀ, ಒಂದ ಹೊಡದೀವಿ," ಅಂದಳು ಗಾಬರಿಯಲ್ಲಿ.
ಬಯ್ಯಲೆಂದೇ ಹತ್ತಿರ ಹೋದೆ.
ಅವಳೆತ್ತರಕ್ಕೆ ಹಾಕಿದ ಕನ್ನಡಿ;
ನನ್ನ ಮುಖ ಕಾಣಲು
ಬಗ್ಗಬೇಕಾಯಿತು.

ಚಹಾ ಬಂತು. ನೋಟು ಬಂತು.
ಎದುರಿಗೇ ಎಣಿಸಬೇಕೋ ಬೇಡವೋ ತಿಳಿಯದೆ
ಎಣಿಸಿದೆ, ಎರಡು ಸಲ ತಪ್ಪಿದೆ.

ಬಸ್ಸು ಹತ್ತಿದ ಮೇಲೆ ನೆನಪಾಯಿತು:
ಬಚ್ಚಲ ಬಾಗಿಲು ಸ್ವಲ್ಪ ಎತ್ತಿ ತಳ್ಳಬೇಕು,
ಹೇಳಲೇ ಇಲ್ಲ.
ಇಷ್ಟೊತ್ತಿಗೆ ಅವರಿಗೇ ತಿಳಿದಿರಬೇಕು.